ಕೆಂಪು ದೀಪ ಆರಿದರೆ ರಿಪೇರಿ ಆದಂತಲ್ಲ

“ಲೈಟ್ ಹತ್ತಿದ್ರ ಏನಾತ್ರಿ ಸರ, ಗಾಡಿ ಓಡಾಕತ್ತೈತಿಲ್ಲ? ಬಲ್ಬ್ ಕಿತ್ತ ಒಗದ್ರ ಮುಗೀತ ನೋಡ್ರಿ.”

ಹಾವೇರಿಯ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ ಹೀಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ಆ ನಗು ಬಹಳ ದಿನ ಉಳಿಯಲಿಲ್ಲ. ಆಮೇಲೆ ನಾನು ಹೋದ ದೊಡ್ಡ ಊರಿನ ಸರ್ವಿಸ್ ಸೆಂಟರಿನಲ್ಲಿ ಗಾಜಿನ ಗೋಡೆಯಿತ್ತು, ಎ.ಸಿ. ಇತ್ತು, ಕುಡಿಯಲು ಕಾಫಿ ಇತ್ತು. ಆದರೆ ಆ ದೀಪ ಏನು ಹೇಳುತ್ತಿದೆ ಎಂದು ಓದಿ ಹೇಳುವವರು ಅಲ್ಲಿಯೂ ಸಿಗಲಿಲ್ಲ.

ಈ ಬರಹ ಆ ಮಿಸ್ತ್ರಿಯ ವಿರುದ್ಧ ಅಲ್ಲ. ಬಲ್ಬ್ ಕೀಳುವುದನ್ನು ಬಿಟ್ಟು ಅವನ ಕೈಗೆ ಬೇರೆ ದಾರಿಯನ್ನೇ ಉಳಿಸದವರ ವಿರುದ್ಧ. ದೀಪ ಆರಿದರೆ ಸಾಕು ಎಂದು ದುಡ್ಡು ಎಣಿಸಿಕೊಟ್ಟು ಮನೆಗೆ ಬರುವ ನಮ್ಮಂಥವರ ವಿರುದ್ಧವೂ ಹೌದು. ಸಾಹಿತ್ಯದ ಪತ್ರಿಕೆಯಲ್ಲಿ ಸ್ಟೇರಿಂಗ್ ರಿಪೇರಿಯ ಮಾತು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ಇದು ಓದಲು ಬರುವ ಮತ್ತು ಓದಲು ಬಿಡದ ಪ್ರಶ್ನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನದು ರಾಣೆಬೆನ್ನೂರಿನಲ್ಲಿ ಪಾಠ ಹೇಳುವ ಕೆಲಸ. ಕಾರು ಸೆಕೆಂಡ್ ಹ್ಯಾಂಡ್, ಬ್ಯಾಂಕಿನ ಕಂತು ಇನ್ನೂ ಮುಗಿದಿಲ್ಲ. ತಿಂಗಳಿಗೊಮ್ಮೆಯಾದರೂ 48ರ ಹೆದ್ದಾರಿ ಹಿಡಿದು, ಮೋಟೆಬೆನ್ನೂರಿನಲ್ಲಿ ಹೊರಳಿ, ಹೆಂಡತಿಯ ತವರು ಬ್ಯಾಡಗಿಗೆ ಹೋಗುತ್ತೇವೆ. ಪೇಟೆಯಲ್ಲಿ ಮೆಣಸಿನಕಾಯಿ ಆವಕ ಜೋರಾಗಿದ್ದ ದಿನಗಳಲ್ಲಿ ಒಮ್ಮೆ, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಾಲ ಬುಡದಲ್ಲಿ ಕಟಕ್ ಕಟಕ್ ಸದ್ದು ಶುರುವಾಯಿತು. ಹೆಂಡತಿಯ ತಮ್ಮ ಮೆಣಸಿನಕಾಯಿ ಚೀಲ ಹೊರುವ ಟೆಂಪೊ ಇಟ್ಟುಕೊಂಡವನು. ಸಣ್ಣಪುಟ್ಟ ರಿಪೇರಿಗೆ ಯಾರ ಬಾಗಿಲಿಗೂ ಹೋಗದವನು. ಕಿವಿಗೊಟ್ಟು ಕೇಳಿದ. “ಸ್ಟೇರಿಂಗ್ ಶಾಫ್ಟಿಂದು ಕ್ರಾಸ್ ಹೋಗೇತಿ ಮಾವಾರ. ರವಿವಾರ ಬರ್ರಿ, ನಾವಽ ಮಾಡೂಣು” ಎಂದ.

ರವಿವಾರ ಮಾಡಿದೆವು. ಕಾಲಮ್ಮಿನ ಬೋಲ್ಟ್ ಬಿಚ್ಚಿ ಸ್ವಲ್ಪ ಕೆಳಗಿಳಿಸಿ, ಶಾಫ್ಟ್ ಕಳಚಿ, ಸವೆದ ಜಾಯಿಂಟ್ ತೆಗೆದು ಹೊಸದು ಹಾಕಿದೆವು. ಸದ್ದು ನಿಂತಿತು. ಅವನ ರೋಗನಿರ್ಣಯ ನೂರಕ್ಕೆ ನೂರು ಸರಿಯಾಗಿತ್ತು. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪ ಹತ್ತಿಕೊಂಡು ಕೂತಿದ್ದವು: ಎದೆಯ ಮುಂದೆ ಚೆಂಡು ಹಿಡಿದು ಕೂತ ಮನುಷ್ಯನ ಚಿತ್ರದ ಕೆಂಪು ದೀಪ, ಪಕ್ಕದಲ್ಲಿ ಸ್ಟೇರಿಂಗ್ ಚಕ್ರದ ಚಿತ್ರಕ್ಕೆ ಆಶ್ಚರ್ಯಸೂಚಕ ಹಚ್ಚಿದ ಇನ್ನೊಂದು. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು. ಹಾರ್ನ್ ಒತ್ತಿದರೆ ಸದ್ದೇ ಇಲ್ಲ.

ಆ ದಿನ ನಮಗೆ ಗೊತ್ತಿರದಿದ್ದ, ಆಮೇಲೆ ಬೆವರು ಸುರಿಸಿ ಕಲಿತ ಸಂಗತಿ ಇಷ್ಟು. ಸ್ಟೇರಿಂಗ್ ಚಕ್ರ ತಿರುಗುತ್ತದೆ, ಅದರ ಹಿಂದಿನ ಕಾಲಮ್ಮು ತಿರುಗುವುದಿಲ್ಲ. ಹಾಗಾದರೆ ಚಕ್ರದ ನಡುವೆ ಕೂತ ಹಾರ್ನಿಗೆ, ಏರ್‌ಬ್ಯಾಗಿಗೆ ವೈರು ಹೋಗುವುದು ಹೇಗೆ? ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಒಳಗೆ ಚಪ್ಪಟೆ ಪಟ್ಟಿಯಂಥ ವೈರನ್ನು ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಟ್ಟಿರುತ್ತಾರೆ. ಅದಕ್ಕೇ ಅದರ ಹೆಸರು ಕ್ಲಾಕ್ ಸ್ಪ್ರಿಂಗ್. ಚಕ್ರ ಎಡಕ್ಕೂ ಬಲಕ್ಕೂ ಎಷ್ಟು ಸುತ್ತು ಹೋಗಬಹುದೋ ಅಷ್ಟಕ್ಕೆ ಮಾತ್ರ ಅದರಲ್ಲಿ ಉದ್ದ ಇರುತ್ತದೆ. ಶಾಫ್ಟ್ ಕಳಚಿದಾಗ ಸ್ಟೇರಿಂಗಿಗೂ ಮುಂದಿನ ಗಾಲಿಗಳಿಗೂ ಸಂಬಂಧ ಕಡಿದುಹೋಗುತ್ತದೆ, ತಡೆಯೇ ಇರುವುದಿಲ್ಲ. ಆಗ ಚಕ್ರವನ್ನು ಸುಮ್ಮನೆ ನಾಲ್ಕು ಸುತ್ತು ತಿರುಗಿಸಿದರೆ ಒಳಗಿನ ಪಟ್ಟಿ ಹರಿಯುತ್ತದೆ. ನಾವು ತಿರುಗಿಸಿದ್ದೆವು. “ಎಷ್ಟ ಹಗುರ ಆತ ನೋಡ್ರಿ” ಎಂದು ಇಬ್ಬರೂ ಸಂತೋಷವನ್ನೂ ಪಟ್ಟಿದ್ದೆವು.

ಕೆಂಪು ದೀಪ ಹತ್ತಿ, ಅದೇ ಹೊತ್ತಿಗೆ ಹಾರ್ನೂ ಸತ್ತಿದ್ದರೆ ಮೊದಲ ಅನುಮಾನ ಈ ಕ್ಲಾಕ್ ಸ್ಪ್ರಿಂಗಿನ ಮೇಲೆ ಬರಬೇಕು. ಎರಡೂ ವೈರು ಹಾಯುವುದು ಅದೊಂದೇ ಡಬ್ಬಿಯಲ್ಲಿ. ಇನ್ನೊಂದು ದೀಪದ ಕಥೆ ಬೇರೆ. ಇವತ್ತಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಪವರ್ ಸ್ಟೇರಿಂಗಿಗೆ ಎಣ್ಣೆ ಇಲ್ಲ, ಕರೆಂಟಿನ ಮೋಟಾರ್ ಇದೆ. ಚಾಲಕ ಎಷ್ಟು ಜೋರಿನಿಂದ ತಿರುಗಿಸುತ್ತಿದ್ದಾನೆ ಎಂಬುದನ್ನು ಕಾಲಮ್ಮಿನಲ್ಲಿರುವ ಸೆನ್ಸರ್ ಅಳೆದು ಹೇಳುತ್ತದೆ, ಮೋಟಾರ್ ಅಷ್ಟಕ್ಕೆ ತಕ್ಕಂತೆ ಕೈಗೂಡಿಸುತ್ತದೆ. ಸೆನ್ಸರಿನ ಮಾತು ಕೇಳಿಸದಿದ್ದರೆ ಮೋಟಾರ್ ಸುಮ್ಮನಾಗುತ್ತದೆ, ದೀಪ ಹತ್ತುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಕಾಲಮ್ ಕೆಳಗಿಳಿಸಿ ಮತ್ತೆ ಏರಿಸುವಾಗ ನಾವು ಒಂದು ಕನೆಕ್ಟರನ್ನು ಅರ್ಧ ಮಾತ್ರ ಕೂರಿಸಿದ್ದೆವು. ಟಕ್ ಎಂದು ಕೂರುವವರೆಗೆ ಒತ್ತಬೇಕಿತ್ತು. ಬೇರೆ ಕಾರುಗಳಲ್ಲಿ ಇದೇ ದೀಪಕ್ಕೆ ಬ್ಯಾಟರಿ ಸೊರಗಿರುವುದೂ ಕಾರಣ ಇರಬಹುದು. ನಿಂತ ಗಾಡಿಯಲ್ಲಿ ಸರಿಯಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಎಸ್‌ಸಿ ಇರುವ ಕಾರಾಗಿದ್ದರೆ ಸ್ಟೇರಿಂಗಿನ ಕೋನ ಅಳೆಯುವ ಸೆನ್ಸರಿಗೆ ‘ನೇರ ಅಂದರೆ ಇದು’ ಎಂದು ಮತ್ತೆ ಕಲಿಸಬೇಕಾಗುತ್ತದೆ. ಕೀಲಿ ಚಿತ್ರದ ದೀಪ ಮಿಣುಕಿ ಎಂಜಿನ್ ಎದ್ದೇಳದಿದ್ದರೆ ಕೀಲಿತೂತಿನ ಸುತ್ತಲಿನ ಸುರುಳಿಯ ವೈರು ಬಿಟ್ಟಿರಬಹುದು.

ನೋಡಿ, ಒಂದೊಂದು ದೀಪವೂ ಒಂದೊಂದು ವಾಕ್ಯ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದೆ. ಓದಲು ಬಂದರೆ ಅರ್ಧ ಗಂಟೆಯ ಕೆಲಸ. ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದೇ ಮುಂದಿನ ಮೂರು ವಾರದ ನನ್ನ ಕಥೆ.

ಕನೆಕ್ಟರನ್ನು ಮರುದಿನ ನಾವೇ ಹುಡುಕಿ ಒತ್ತಿದೆವು, ಸ್ಟೇರಿಂಗ್ ದೀಪ ಆರಿ ಚಕ್ರ ಹಗುರಾಯಿತು. ಕೆಂಪು ದೀಪ ಹಾಗೇ ಉಳಿಯಿತು. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಮೊಬೈಲಿಗೆ ಜೋಡಿಸುವ ರೀಡರ್ ತರಿಸಿ ಚುಚ್ಚಿದೆ. ‘ಯಾವ ದೋಷವೂ ಇಲ್ಲ’ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಕಣ್ಣೆದುರು ದೀಪ ಕೆಂಪಗೆ ಉರಿಯುತ್ತಿದೆ, ಕೈಯಲ್ಲಿರುವ ಯಂತ್ರ ಏನೂ ಇಲ್ಲ ಎನ್ನುತ್ತಿದೆ! ಕಾರಣ ಇಷ್ಟೇ. ಕಾರಿನ ದೋಷ-ಸಂಕೇತಗಳು ನಾಲ್ಕು ಅಕ್ಷರಗಳಿಂದ ಶುರುವಾಗುತ್ತವೆ: ಎಂಜಿನ್, ಗೇರಿಗೆ ‘ಪಿ’, ಏರ್‌ಬ್ಯಾಗಿನಂಥ ಬಾಡಿಯ ಭಾಗಗಳಿಗೆ ‘ಬಿ’, ಬ್ರೇಕು-ಸ್ಟೇರಿಂಗಿನಂಥ ಚಾಸಿಗೆ ‘ಸಿ’, ಒಳಗಿನ ಕಂಪ್ಯೂಟರುಗಳ ನಡುವಿನ ಮಾತಿಗೆ ‘ಯು’. ಅಗ್ಗದ ರೀಡರುಗಳು ಸಾಮಾನ್ಯವಾಗಿ ಎಂಜಿನ್ನಿನ ‘ಪಿ’ ಮಾತ್ರ ಓದುತ್ತವೆ. ಹೊಗೆಯ ನಿಯಮಕ್ಕೆ ಸಂಬಂಧಿಸಿದ ಸಂಕೇತಗಳನ್ನು ಯಾರು ಬೇಕಾದರೂ ಓದುವಂತಿರಬೇಕು ಎಂದು ಕಾನೂನು ಒತ್ತಾಯಿಸಿದ್ದರಿಂದ ಅವು ತೆರೆದಿವೆ. ಜೀವ ಉಳಿಸುವ ಚೀಲದ ಸಂಕೇತಗಳ ಮೇಲೆ ಅಂಥ ಒತ್ತಾಯ ಇಲ್ಲದ್ದರಿಂದ ಅವುಗಳಲ್ಲಿ ಬಹುಪಾಲು ಕಂಪನಿಯ ಕಪಾಟಿನಲ್ಲಿವೆ. ಹೊಗೆಗೆ ಇರುವ ಹಕ್ಕು ನನ್ನ ಎದೆಗೆ ಇಲ್ಲ.

ಹಾವೇರಿಯ ಮಿಸ್ತ್ರಿ ಬಲ್ಬಿನ ಮಾತಾಡಿದ್ದು ಆಮೇಲೆ. ನಾನು ಬೇಡ ಎಂದಾಗ ಇನ್ನೊಂದು ದಾರಿ ಹೇಳಿದ: ಏರ್‌ಬ್ಯಾಗಿನ ಕನೆಕ್ಟರ್ ತೆಗೆದು ಅಲ್ಲೊಂದು ಪುಟ್ಟ ರೆಸಿಸ್ಟರ್ ಸಿಕ್ಕಿಸುವುದು. ಏರ್‌ಬ್ಯಾಗಿನ ಸಿಡಿಮದ್ದಿನ ವೈರು ಸುಮಾರು 2 ಓಮ್ ತೋರಿಸುತ್ತದೆ. ಅಷ್ಟೇ ಬೆಲೆಯ ರೆಸಿಸ್ಟರ್ ಹಾಕಿದರೆ ಕಂಪ್ಯೂಟರು ಏರ್‌ಬ್ಯಾಗ್ ಸರಿಯಾಗಿದೆ ಎಂದು ನಂಬಿ ದೀಪ ಆರಿಸುತ್ತದೆ. ಎರಡು-ಮೂರು ರೂಪಾಯಿಯ ಸುಳ್ಳು. ಗಾಡಿ ಗುದ್ದಿದ ದಿನ ಆ ರೆಸಿಸ್ಟರ್ ಉಬ್ಬಿ ಯಾರ ತಲೆಯನ್ನೂ ಹಿಡಿಯುವುದಿಲ್ಲ.

ದೊಡ್ಡ ಊರಿನ ಸೆಂಟರಿನಲ್ಲಿ ಅವರ ಯಂತ್ರ ಚುಚ್ಚಿದರು. ಸಂಕೇತ ಏನೆಂದು ಕೇಳಿದೆ. “ಅದೆಲ್ಲ ಕಸ್ಟಮರ್‌ಗೆ ಹೇಳೋ ಹಾಗಿಲ್ಲ ಸರ್” ಎಂದರು. ಹೊರಗಿನವರು ಕೈ ಹಚ್ಚಿದ್ದರಿಂದ ಪೂರ್ತಿ ಕಾಲಮ್ ಅಸೆಂಬ್ಲಿ ಬದಲಿಸಬೇಕು, ಇಲ್ಲದಿದ್ದರೆ ಜವಾಬ್ದಾರಿ ತಮ್ಮದಲ್ಲ ಎಂದರು. ಅಂದಾಜು ಬಿಲ್ಲು ನನ್ನ ತಿಂಗಳ ಪಗಾರವನ್ನು ದಾಟಿತ್ತು. ಹರಿದದ್ದು ಅಂಗೈಯಗಲದ ಒಂದು ಡಬ್ಬಿ.

ಕೊನೆಗೆ ಅದನ್ನು ಓದಿದವನು ರಾಣೆಬೆನ್ನೂರಿನ ಒಬ್ಬ ಆಟೊ ಎಲೆಕ್ಟ್ರಿಷಿಯನ್. ಸಾಲ ಮಾಡಿ ದೊಡ್ಡ ಸ್ಕ್ಯಾನರ್ ತಂದಿದ್ದಾನೆ. ‘ಬಿ’ಯಿಂದ ಶುರುವಾಗುವ ಸಂಕೇತ ತೋರಿಸಿ, “ಡ್ರೈವರ್ ಕಡೀ ಏರ್‌ಬ್ಯಾಗಿಂದು ಲೈನ್ ಕಟ್ ಆಗೇತಿ ಸರ, ಬ್ಯಾಗ್ ಛಲೋ ಐತಿ” ಎಂದ. ಬ್ಯಾಟರಿಯ ಮೈನಸ್ ತೆಗೆದು ನನಗೆ ಚಹಾ ತರಿಸಿದ. ಅದು ಉಪಚಾರವಲ್ಲ, ಕೆಲಸದ ಭಾಗ. ಬ್ಯಾಟರಿ ತೆಗೆದರೂ ಏರ್‌ಬ್ಯಾಗಿನ ಕಂಪ್ಯೂಟರಿನಲ್ಲಿ ಕೆಲ ನಿಮಿಷ ಕರೆಂಟು ಉಳಿದಿರುತ್ತದೆ, ಕಾಯಲೇಬೇಕು. ಆಮೇಲೆ ಮುಂದಿನ ಗಾಲಿ ನೇರ ನಿಲ್ಲಿಸಿ, ಹೊಸ ಕ್ಲಾಕ್ ಸ್ಪ್ರಿಂಗನ್ನು ಅದರ ನಡುಗುರುತಿಗೆ ತಂದು ಕೂರಿಸಿ, ಸಂಕೇತ ಅಳಿಸಿದ. ಕೀಲಿ ತಿರುಗಿಸಿದೆ. ಕೆಂಪು ದೀಪ ಕೆಲವು ಸೆಕೆಂಡ್ ಹತ್ತಿ ತಾನಾಗಿಯೇ ಆರಿತು. ಹಾರ್ನ್ ಕೂಗಿತು.

ಅವನು ಇನ್ನೂ ಎರಡು ಮಾತು ಹೇಳಿದ. ನಾವು ಬ್ಯಾಟರಿ ತೆಗೆಯದೆ ಆ ಜಾಗದಲ್ಲಿ ಕೈಯಾಡಿಸಿದ್ದೆವು ಎಂದಾಗ ಅವನ ಮುಖ ಬದಲಾಯಿತು. ಏರ್‌ಬ್ಯಾಗ್ ಅಂದರೆ ಮಡಚಿಟ್ಟ ಬಟ್ಟೆಯ ಚೀಲ ಮಾತ್ರ ಅಲ್ಲ. ಅದನ್ನು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನೊಳಗೆ ಉಬ್ಬಿಸುವ ಮದ್ದು ಅದರ ಬೆನ್ನಿಗಿದೆ. ಅದಕ್ಕೇ ಆ ಕನೆಕ್ಟರುಗಳಿಗೆ ಹಳದಿ ಬಣ್ಣ. ಎರಡನೆಯದು ಇನ್ನೂ ಮುಖ್ಯ. ಗಾಡಿಯ ಕೆಳಗೆ ಬಗ್ಗಿ, ಶಾಫ್ಟಿನ ಜಾಯಿಂಟನ್ನು ಹಿಡಿದಿಟ್ಟ ಬೋಲ್ಟಿಗೆ ಪಾನಾ ಹಚ್ಚಿ ನೋಡಿದ. ಬಿಗಿಯಾಗಿತ್ತು. “ಇದಕ್ಕ ಲೈಟ್ ಇಲ್ಲ ಸರ” ಎಂದ. ಆ ಬೋಲ್ಟ್ ಸಡಿಲಿದ್ದರೆ ಹೆದ್ದಾರಿಯಲ್ಲಿ ಸ್ಟೇರಿಂಗ್ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಎಚ್ಚರಿಸುವ ದೀಪವೇ ಇಲ್ಲದ ಜಾಗದಲ್ಲಿ ನಮ್ಮನ್ನು ಕಾದದ್ದು ಹೆಂಡತಿಯ ತಮ್ಮನ ಕೈಬಿಗಿ ಒಂದೇ.

ಈಗ ವಾದಕ್ಕೆ ಬರುತ್ತೇನೆ.

“ಇದು ಮದ್ದು ತುಂಬಿದ ಯಂತ್ರ, ಸಾಮಾನ್ಯರು ಮುಟ್ಟಬಾರದು, ಅದಕ್ಕೇ ಮಾಹಿತಿ ಗುಟ್ಟಾಗಿದೆ” ಎಂದು ಹೇಳುವವರಿದ್ದಾರೆ. ಮೊದಲರ್ಧ ಒಪ್ಪುತ್ತೇನೆ. ಮನೆಯಂಗಳದಲ್ಲಿ ಹಳದಿ ಕನೆಕ್ಟರಿಗೆ ಕೈ ಹಚ್ಚಬೇಡಿ, ಮಲ್ಟಿಮೀಟರ್ ಚುಚ್ಚಿ ಏರ್‌ಬ್ಯಾಗ್ ಪರೀಕ್ಷಿಸಲು ಹೋಗಲೇಬೇಡಿ. ಆದರೆ ಎರಡನೆಯ ಅರ್ಧ ಶುದ್ಧ ಸುಳ್ಳು. ಗುಟ್ಟು ಯಾರ ಕೈಯನ್ನೂ ತಡೆದಿಲ್ಲ. ಬ್ಯಾಡಗಿಯಲ್ಲಿ, ಹಿರೇಕೆರೂರಿನಲ್ಲಿ, ಸವಣೂರಿನಲ್ಲಿ ದಿನಾ ಕಾರು ಬಿಚ್ಚುತ್ತಾರೆ, ಮುಂದೆಯೂ ಬಿಚ್ಚುತ್ತಾರೆ. ಪ್ರತಿ ಸಲ ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ದು ತಿಂಗಳ ಪಗಾರ ಸುರಿಯಲು ಇಲ್ಲಿ ಯಾರಿಗೂ ಆಗುವುದಿಲ್ಲ. ಗುಟ್ಟು ಮಾಡಿದ್ದು ಒಂದೇ ಕೆಲಸ: ಬಿಚ್ಚುವವನ ಕಣ್ಣು ಕಟ್ಟಿದ್ದು. ‘ಶಾಫ್ಟ್ ಕಳಚುವ ಮೊದಲು ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿ ನಿಲ್ಲಿಸಿ, ಬ್ಯಾಟರಿ ತೆಗೆದು ಕಾಯಿರಿ’ ಎಂಬ ಒಂದು ಸಾಲು ನಮ್ಮ ಕೈಗೆ ಸಿಕ್ಕಿದ್ದರೆ ಆ ರವಿವಾರ ಏನೂ ಹರಿಯುತ್ತಿರಲಿಲ್ಲ. ಆ ಸಾಲನ್ನು ಮುಚ್ಚಿಟ್ಟು ಯಾರ ಜೀವ ಉಳಿಸಿದಿರಿ?

“ಅದು ಕಂಪನಿಯ ಬೌದ್ಧಿಕ ಆಸ್ತಿ” ಎನ್ನುವವರು ಇನ್ನೊಂದು ಕಡೆ. ಈ ವಾದ ಹೊಸದಲ್ಲ, ಒಮ್ಮೆ ಸೋತಿರುವ ವಾದ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗ ಮತ್ತು ತಪಾಸಣೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು, ಹೊರಗೆ ರಿಪೇರಿ ಮಾಡಿಸಿದರು ಎಂಬ ಒಂದೇ ನೆಪಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ ಎಂದು ಹೇಳಿತು. ಬೌದ್ಧಿಕ ಆಸ್ತಿಯ ಮಾತನ್ನು ಕಂಪನಿಗಳು ಅಲ್ಲಿಯೂ ಮುಂದಿಟ್ಟಿದ್ದವು, ಆಯೋಗ ಒಪ್ಪಲಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗೆಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ಸಾಮಾನು, ವಾಹನ ಎಂಬ ನಾಲ್ಕು ವಿಭಾಗ ಗುರುತಿಸಿತು. ಅದೇ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಪೋರ್ಟಲ್ಲೂ ಬಂತು. ಪೋರ್ಟಲ್ ದೆಹಲಿಯಲ್ಲಿ ಉದ್ಘಾಟನೆಯಾಗಿದೆ, ಹಳದಿ ವೈರಿನ ಮುಂದೆ ಕೂತ ಹಾವೇರಿಯ ಮಿಸ್ತ್ರಿಯ ಕೈಗೆ ಇನ್ನೂ ಏನೂ ಬಂದಿಲ್ಲ.

ಬೇರೆಡೆ ಇದು ಆಗದ ಕೆಲಸವೇನಲ್ಲ. ಸ್ವತಂತ್ರ ಗ್ಯಾರೇಜುಗಳಿಗೂ ರಿಪೇರಿ ಮಾಹಿತಿ ಕೊಡಬೇಕೆಂದು ಯುರೋಪಿನ ಒಕ್ಕೂಟ 2007ರಲ್ಲೇ ನಿಯಮ ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಮತದಾರರೇ ವೋಟು ಹಾಕಿ ಈ ಹಕ್ಕನ್ನು ಪಡೆದರು. ಅಲ್ಲಿಯೂ ಕಾರುಗಳಲ್ಲಿ ಇದೇ ಏರ್‌ಬ್ಯಾಗ್, ಇದೇ ಮದ್ದು. ಅಲ್ಲಿನ ಮಿಸ್ತ್ರಿ ಓದಬಹುದಾದದ್ದನ್ನು ರಾಣೆಬೆನ್ನೂರಿನವನು ಓದಿದರೆ ಅಪಾಯ ಎಂದರೆ, ಅದು ಸುರಕ್ಷತೆಯ ಮಾತಲ್ಲ, ನಮ್ಮ ಊರಿನವರ ಬುದ್ಧಿಯ ಬಗೆಗಿನ ತಾತ್ಸಾರ.

ನಮ್ಮ ಸರ್ಕಾರ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗನ್ನು ಕಡ್ಡಾಯ ಮಾಡಿದೆ. ಒಳ್ಳೆಯ ಕೆಲಸ. ಆದರೆ ಆ ಕಾರುಗಳು ಹೊಸದಾಗಿಯೇ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಐದಾರು ವರ್ಷ ಓಡಿ ನಮ್ಮ ಕಡೆಗೆ ಸೆಕೆಂಡ್ ಹ್ಯಾಂಡ್ ಆಗಿ ಬರುತ್ತವೆ. ಕಡ್ಡಾಯದ ಚೀಲ, ಗುಟ್ಟಿನ ಸಂಕೇತ, ಎರಡು ರೂಪಾಯಿಯ ರೆಸಿಸ್ಟರ್: ಈ ಮೂರೂ ಒಟ್ಟಿಗಿದ್ದರೆ ಗೆಲ್ಲುವುದು ರೆಸಿಸ್ಟರೇ. ರಾಣೆಬೆನ್ನೂರಿನ ಎಲೆಕ್ಟ್ರಿಷಿಯನ್ ಹಳೆಯ ಗಾಡಿಗಳಲ್ಲಿ ಟೇಪು ಸುತ್ತಿ ಅಡಗಿಸಿಟ್ಟ ರೆಸಿಸ್ಟರುಗಳನ್ನು ಕಂಡಿದ್ದಾನಂತೆ. ಅಂಥ ಕಾರನ್ನು ಕೊಂಡವನು ‘ಯಾವ ಲೈಟೂ ಇಲ್ಲ’ ಎಂಬ ನೆಮ್ಮದಿಗೂ ಸೇರಿಸಿಯೇ ಬೆಲೆ ಕೊಟ್ಟಿರುತ್ತಾನೆ. ಸುಳ್ಳು ಹೇಳಿದವನು ಯಾರೋ, ಸ್ಟೇರಿಂಗ್ ಹಿಂದೆ ಕೂರುವವನು ಇನ್ಯಾರೋ.

ಇಲ್ಲಿ ನಮ್ಮ ಪಾಲೂ ಇದೆ, ಅದನ್ನು ಬಿಟ್ಟು ಮಾತಾಡುವುದು ಅಪ್ರಾಮಾಣಿಕತೆ. ಬಲ್ಬ್ ಕೀಳುವವನಿಗೆ ಬೇಡಿಕೆ ಇರುವುದು ಗಿರಾಕಿಯಿಂದ. “ಲೈಟ್ ಆರಿಸಿ ಕೊಡು” ಎಂದು ಕೇಳುವವರೇ ಹೆಚ್ಚು, “ಏನಾಗಿದೆ ನೋಡಿ ಹೇಳು” ಎಂದು ಕೇಳಿ ಆ ನೋಡುವ ಕೆಲಸಕ್ಕೆ ದುಡ್ಡು ಕೊಡುವವರು ಕಡಿಮೆ. ನಾನು ಸ್ಕ್ಯಾನ್ ಮಾಡಿದ್ದಕ್ಕೆ ಹಣ ಕೊಡಲು ಹೋದಾಗ ಆ ಹುಡುಗ ಸಂಕೋಚಪಟ್ಟ. “ಬರೇ ನೋಡಿದ್ದಕ್ಕ ಯಾರೂ ಕೊಡಂಗಿಲ್ರಿ ಸರ” ಎಂದ. ಓದಿದ್ದಕ್ಕೆ ಕೂಲಿ ಇಲ್ಲದ ಊರಿನಲ್ಲಿ ಓದಲು ಯಾಕೆ ಕಲಿಯುತ್ತಾರೆ?

ಕನ್ನಡದವರಾದ ನಮ್ಮ ಪಾಲು ಇನ್ನೊಂದಿದೆ. ಇದು ಅಬಲೂರಿನ ಸರ್ವಜ್ಞನ ಜಿಲ್ಲೆ. ಕೈಕೆಲಸವನ್ನು, ಒಕ್ಕಲುತನವನ್ನು ವಿದ್ಯೆ ಎಂದು ಎಣಿಸಿದ ಕವಿಯ ಹೆಸರನ್ನು ನಾವು ವೇದಿಕೆಗಳಿಗೆ ಇಟ್ಟಿದ್ದೇವೆ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲೇ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಾನೂ ಪುಸ್ತಕ ಮಳಿಗೆಗಳಲ್ಲಿ ಸುತ್ತಿದೆ, ಕೈಚೀಲ ತುಂಬಿಸಿಕೊಂಡು ಬಂದೆ. ಕಾರಿನ ದೀಪಗಳನ್ನು ಕನ್ನಡದಲ್ಲಿ ಓದಿಸುವ ಒಂದು ಪುಸ್ತಕ ನನ್ನ ಕಣ್ಣಿಗೆ ಬೀಳಲಿಲ್ಲ. ಆಗ ಅದನ್ನು ಹುಡುಕಬೇಕು ಅಂತಲೂ ನನಗೆ ಅನಿಸಿರಲಿಲ್ಲ. ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಶಿವರಾಮ ಕಾರಂತರು ಸಂಪುಟಗಳನ್ನೇ ಬರೆದರು. ನಾವು ಕನ್ನಡ ಉಳಿಯಬೇಕು ಎಂದು ಭಾಷಣ ಮಾಡಿ, ಇಂಗ್ಲಿಷ್ ಮ್ಯಾನ್ಯುಯೆಲ್ಲಿನ ಕಾರಿನಲ್ಲಿ ಮನೆಗೆ ಹೋಗುತ್ತೇವೆ. ಐಟಿಐ ಮುಗಿಸಿದ ಹುಡುಗ ಆ ಮ್ಯಾನ್ಯುಯೆಲ್ಲಿನ ಚಿತ್ರ ನೋಡಿ ಊಹಿಸುತ್ತಾನೆ. ಅವನ ಊಹೆಯ ಮೇಲೆ ನಮ್ಮ ಮಕ್ಕಳು ಕೂತು ಶಾಲೆಗೆ ಹೋಗುತ್ತಾರೆ.

ಹಾಗಾಗಿ ನಾನು ಕೇಳುವುದು ಮೂರೇ. ಸುರಕ್ಷತೆಯ ದೋಷ-ಸಂಕೇತಗಳನ್ನು, ಅವುಗಳ ಅರ್ಥವನ್ನು, ಕ್ಲಾಕ್ ಸ್ಪ್ರಿಂಗ್ ಮತ್ತು ಸ್ಟೇರಿಂಗ್ ಸೆನ್ಸರ್ ಕೂರಿಸುವ ಕ್ರಮವನ್ನು ಎಂಜಿನ್ ಸಂಕೇತಗಳ ಹಾಗೆಯೇ ಎಲ್ಲ ಗ್ಯಾರೇಜುಗಳಿಗೂ ತೆರೆಯಬೇಕು. ಕನ್ನಡ ನಾಡಿನಲ್ಲಿ ಮಾರುವ ಕಾರಿಗೆ ಕನ್ನಡದ ಕೈಪಿಡಿ ಇರಬೇಕು. ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸುವುದನ್ನು ಬ್ರೇಕ್ ಕಿತ್ತು ಗಾಡಿ ಮಾರಿದಷ್ಟೇ ದೊಡ್ಡ ಅಪರಾಧ ಎಂದು ಎಣಿಸಬೇಕು. ಮೊದಲೆರಡನ್ನು ಕೊಡದೆ ಮೂರನೆಯದಕ್ಕೆ ಮಾತ್ರ ಪೊಲೀಸರನ್ನು ಕಳಿಸಿದರೆ ಅದು ಅನ್ಯಾಯ ಎಂಬುದನ್ನೂ ಸೇರಿಸುತ್ತೇನೆ.

ಅಲ್ಲಿಯವರೆಗೆ ನೀವು ಮಾಡಬಹುದಾದ ಒಂದು ಕೆಲಸವಿದೆ, ಸ್ಕ್ಯಾನರ್ ಬೇಡ. ಇವತ್ತು ಮನೆಯ ಕಾರಿನ ಕೀಲಿ ತಿರುಗಿಸಿ, ಎಂಜಿನ್ ಹಚ್ಚದೆ ಕೂತು ಆ ಕೆಂಪು ಮನುಷ್ಯನನ್ನು ನೋಡಿ. ಅವನು ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತಲೇ ಇಲ್ಲವಾದರೆ, ಬಲ್ಬನ್ನು ಯಾರೋ ಕಿತ್ತಿರಬಹುದು. ಆರಿದ ಮಾತ್ರಕ್ಕೆ ಪೂರ್ತಿ ನಂಬಬೇಡಿ, ರೆಸಿಸ್ಟರ್ ಹಾಕಿದ ಕಾರಿನಲ್ಲಿಯೂ ಅದು ಹಾಗೆಯೇ ಆರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ‘ಬಿ’ ಸಂಕೇತ ಓದಬಲ್ಲವನನ್ನು ಕರೆದೊಯ್ದು ಹಳದಿ ಕನೆಕ್ಟರುಗಳನ್ನು ಅವನ ಕಣ್ಣಿಗೆ ಬೀಳಿಸಿ. ನೋಡಿದ್ದಕ್ಕೆ ಅವನಿಗೆ ದುಡ್ಡು ಕೊಡಿ.

ಮೊನ್ನೆ ಬ್ಯಾಡಗಿಗೆ ಹೋದಾಗ ಹೆಂಡತಿಯ ತಮ್ಮ ಟೆಂಪೊ ನಿಲ್ಲಿಸುವ ತಗಡಿನ ಶೆಡ್ಡಿನ ಗೋಡೆ ತೋರಿಸಿದ. ಮೆಣಸಿನ ಚೀಲಗಳ ಮೇಲೆ ಗುರುತು ಬರೆಯುವ ಕಪ್ಪು ಬಣ್ಣದಿಂದ ದಪ್ಪ ಅಕ್ಷರದಲ್ಲಿ ಬರೆದಿದ್ದ:

ಮೈನಸ್ ತೆಗಿ. ಚಾ ಕುಡಿ. ಸ್ಟೇರಿಂಗ್ ಕಟ್ಟು. ಹಳದಿಗೆ ಕೈ ಹಚ್ಚಬ್ಯಾಡ. ಬೋಲ್ಟ್ ಎರಡ ಸಲ ನೋಡು.

ಕಂಪನಿ ಮುಚ್ಚಿಟ್ಟದ್ದರಲ್ಲಿ ಐದು ಸಾಲು ಹೊರಗೆ ಬಂದಿವೆ. ಉಳಿದವನ್ನೂ ಕೇಳಿ ಪಡೆಯಬೇಕು.